ಶಿವಯೋಗಿಯವರ ಅರ್ಧನಾರೀಶ್ವರ ಕುರಿ

ಭದ್ರಾವತಿಯ ಕಾಗದನಗರದಲ್ಲಿ ಹುಟ್ಟಿದವರಿಗೆ ಪೇಪರ್ ಎಂದರೆ ಟನ್ನಿನ ಲೆಕ್ಕ. ಶಿವಯೋಗಿಯವರ ತಂದೆ ಅಲ್ಲಿನ ಕಾರ್ಖಾನೆಯಲ್ಲಿ ಬಿದಿರು ಬೇಯಿಸುವ ವಿಭಾಗದಲ್ಲಿದ್ದು, ಜೀವಮಾನವಿಡೀ ರಾಶಿ ರಾಶಿ ಪೇಪರ್ ಹೊರತಂದು, ಬೆಂದ ಕೋಸಿನ ವಾಸನೆಯ ಅಂಗಿಯಲ್ಲೇ ನಿವೃತ್ತರಾದರು. ಮಗ ಶಿವಮೊಗ್ಗದ ಖಾಸಗಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ, ಹೆಸರಿಗೆ ತಕ್ಕ ಒಂದೇ ಒಂದು ಪೇಪರ್ ಹೊರತರಲು ತಲೆ ಬೆಳ್ಳಗಾಗುವವರೆಗೂ ತಿಣುಕಿದರು. ಕಾಗದ ತಯಾರಿಸುವ ಗುಣ ವಂಶವಾಹಿಯಲ್ಲಿ ಇಳಿದು ಬರುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಅವರ ಹುದ್ದೆ ಸಹ ಪ್ರಾಧ್ಯಾಪಕ. ಆ 'ಸಹ' ಅವರಿಗೆ ಅಸಹನೀಯವಾಗಿತ್ತು. ಜೊತೆಯವರೆಲ್ಲ ಅದನ್ನು ಹಲ್ಲು ಕೀಳಿಸಿದಂತೆ ಕೀಳಿಸಿಕೊಂಡು ಪ್ರೊಫೆಸರ್ ಆಗಿದ್ದರು. ಮದುವೆ ಮನೆಗಳಲ್ಲಿ ಅವರಿಗೆ ಮುಂದಿನ ಸೋಫಾ, ಇವರಿಗೆ ಪ್ಲಾಸ್ಟಿಕ್ ಕುರ್ಚಿ. ನಿವೃತ್ತಿ ಹತ್ತಿರ ಬರುತ್ತಿತ್ತು. ಪ್ರೊಫೆಸರ್ ಆಗಬೇಕಾದರೆ ಹೊಸದೇನನ್ನಾದರೂ ಕಂಡುಹಿಡಿದು, ಸಮಿತಿಯ ಮುಂದೆ ಮಂಡಿಸಬೇಕು. ಕಂಡುಹಿಡಿಯುವುದಕ್ಕೆ ಮೊದಲು ಕಾಣಬೇಕು ತಾನೆ? ಶಿವಯೋಗಿಯವರ ಕಷ್ಟ ಅಲ್ಲಿಂದಲೇ ಶುರು.

ಅವರದು ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಅಡುಗೆಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತದ ಮನೆತನ. ಬೇರೆ ಯಾವ ವಿಷಯದಲ್ಲೂ ಸೀಟು ಸಿಗದೆ ಪ್ರಾಣಿಶಾಸ್ತ್ರಕ್ಕೆ ಸೇರಿದಾಗ ಅವರ ತಾಯಿ, "ಹಸು ಎಮ್ಮೆ ಸಾಕೋದು ಕಲಿಸ್ತಾರೇನೋ, ಕಲೀಲಿ ಬಿಡು" ಎಂದು ಸಮಾಧಾನಪಟ್ಟುಕೊಂಡಿದ್ದರು. ಮೊದಲ ಪ್ರಾಕ್ಟಿಕಲ್ಲಿನಲ್ಲೇ ಕಪ್ಪೆ ಬಂತು. ಪಕ್ಕದ ಹುಡುಗ ಕೊಯ್ದ. ಶಿವಯೋಗಿ ಕಿಟಕಿಯ ಕಡೆ ಮುಖ ಮಾಡಿ, ಹೊರಗಿನ ಗುಲ್ಮೊಹರ್ ನೋಡುತ್ತ, ಪುಸ್ತಕದಿಂದ ಕಂಠಪಾಠ ಮಾಡಿದ ಕಪ್ಪೆಯ ಕರುಳನ್ನು ಚಿತ್ರಿಸಿದರು. ಅದೃಷ್ಟಕ್ಕೆ ಪರೀಕ್ಷಕರೂ ಕಪ್ಪೆಯನ್ನು ನೋಡದೆ ಚಿತ್ರವನ್ನಷ್ಟೇ ನೋಡಿ ಪೂರ್ತಿ ಅಂಕ ಕೊಟ್ಟರು. ಮುಖ ತಿರುಗಿಸಿಕೊಂಡೂ ವಿಜ್ಞಾನಿಯಾಗಬಹುದು ಎಂಬ ನಂಬಿಕೆ ಅಂದು ಹುಟ್ಟಿದ್ದು.

ಅಂಥವರು ಕೈಗೆತ್ತಿಕೊಂಡ ಸಂಶೋಧನೆಯ ಹೆಸರು ಒಂದು ಉಸಿರಿಗೆ ಮುಗಿಯುವಂಥದ್ದಲ್ಲ: ಸಸ್ತನಿಯ ಬೇರೆ ಬೇರೆ ಅಂಗಾಂಶಗಳಲ್ಲಿ ಮೆಸೆಂಜರ್ ಆರ್‌ಎನ್‌ಎ ಸಂಸ್ಕರಿಸುವ ಅಂಶಗಳ ಅಭಿವ್ಯಕ್ತಿ. ಹೆದರುವುದು ಬೇಡ. ಕುರಿಯ ಮೆದುಳಿನಲ್ಲಿರುವ ಜೀನುಗಳೇ ಅದರ ಯಕೃತ್ತಿನಲ್ಲೂ ಇವೆ. ಹಾಗಿದ್ದೂ ಎರಡೂ ಬೇರೆ ಬೇರೆಯಾಗಿರುವುದು ಯಾವ ಜೀನು ಎಲ್ಲಿ ಬಾಯಿ ಬಿಡುತ್ತದೆ, ಅದರ ಮಾತಿಗೆ ಎಲ್ಲಿ ಯಾರು ಕತ್ತರಿ ಹಾಕುತ್ತಾರೆ ಎಂಬುದರಿಂದ. ಜೀನಿನಿಂದ ಹೊರಡುವ ಸಂದೇಶವೇ ಮೆಸೆಂಜರ್ ಆರ್‌ಎನ್‌ಎ. ಅದು ಹೊರಡುವಾಗ ವಿಪರೀತ ಉದ್ದ, ನಡುನಡುವೆ ಬೇಡದ ಸರಕು.

ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿ, ಅಕ್ಕಿ ಗಿರಣಿಯ ಉಜ್ಜನಪ್ಪನವರ ಭಾಷಣದ ಹಾಗೆ ಎಂದರೆ ಶಿವಮೊಗ್ಗದವರಿಗೆ ಬೇಗ ತಿಳಿದೀತು. ಅವರ ಬಳಿ ಇರುವುದು ಒಂದೇ ಭಾಷಣ. ಹನ್ನೆರಡನೇ ಶತಮಾನದಲ್ಲಿ ಶುರುವಾಗಿ ಡಿಜಿಟಲ್ ಯುಗದಲ್ಲಿ ಮುಗಿಯುತ್ತದೆ. ಮದುವೆಗೆ ಕರೆದರೆ ಕನ್ನಡ ವಿಭಾಗದವರು ಡಿಜಿಟಲ್ ಯುಗ ಕತ್ತರಿಸಿ ದಾಂಪತ್ಯ ಉಳಿಸುತ್ತಾರೆ. ಶ್ರದ್ಧಾಂಜಲಿ ಸಭೆಗಾದರೆ ಆಫೀಸಿನವರು ಹಾಸ್ಯ ಕತ್ತರಿಸಿ ಹನ್ನೆರಡನೇ ಶತಮಾನ ಉಳಿಸುತ್ತಾರೆ. ಮೂಲ ಒಂದೇ, ಕತ್ತರಿಸಿ ಹೊಲಿಯುವವರು ಬೇರೆ, ಹೊರಬರುವ ಮಾತೂ ಬೇರೆ. ಜೀವಕೋಶದಲ್ಲಿ ಈ ಕತ್ತರಿ ಕೆಲಸದವರೇ ಸಂಸ್ಕರಣಾ ಅಂಶಗಳು. ಯಾವ ಅಂಗಾಂಶದಲ್ಲಿ ಎಂಥವರು ಎಷ್ಟು ಮಂದಿ ಇದ್ದಾರೆಂದು ಎಣಿಸುವುದು ಸಂಶೋಧನೆ. ಮೆದುಳು ಮತ್ತು ವೃಷಣಗಳಲ್ಲಿ ಈ ಕತ್ತರಿ ಕೆಲಸ ಎಲ್ಲಕ್ಕಿಂತ ಜೋರು ಎಂಬುದು ಲೋಕಕ್ಕೆ ಮೊದಲೇ ಗೊತ್ತಿದೆ. ಗಂಡಸರ ತೀರ್ಮಾನಗಳು ಇವೆರಡರ ನಡುವೆಯೇ ಓಡಾಡಿಕೊಂಡಿರುವುದಕ್ಕೂ ಇದಕ್ಕೂ ಸಂಬಂಧ ಉಂಟೇ ಎಂದು ಯಾರೂ ಪರೀಕ್ಷಿಸಿದಂತಿಲ್ಲ.

ಇದಕ್ಕೆ ಕುರಿ ಬೇಕು. ಅದೂ ಒಂದೇ ಗಂಡು ಕುರಿಯ ಮೆದುಳು, ಹೃದಯ, ಯಕೃತ್ತು, ಮೂತ್ರಪಿಂಡ, ವೃಷಣ. ಅವರ ಸಂಶೋಧನಾ ವಿದ್ಯಾರ್ಥಿನಿ ಮೋನಿಕಾ ತಾನೇ ತರುತ್ತೇನೆಂದಳು. ಭದ್ರಾವತಿಯ ಉಕ್ಕಿನ ಕಾರ್ಖಾನೆ ಕಡೆಯ ಹುಡುಗಿ; ಮನೆಯಲ್ಲಿ ತಮಿಳು, ಲ್ಯಾಬಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

"ಬೇಡಮ್ಮ. ನೀನು ತಿನ್ನೋಳು. ಸ್ಯಾಂಪಲ್ ಮೇಲೆ ಆಸೆ ಹುಟ್ಟುತ್ತೆ. ವಿಜ್ಞಾನಕ್ಕೆ ನಿರ್ಲಿಪ್ತತೆ ಮುಖ್ಯ" ಎಂದರು ಶಿವಯೋಗಿ.

ಹೀಗೆ ನಿರ್ಲಿಪ್ತರು ಒಂದು ಭಾನುವಾರ ಬೆಳಿಗ್ಗೆ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಭದ್ರಾವತಿಯ ಹುಲಿಗೆಮ್ಮನ ಮಟನ್ ಅಂಗಡಿಗೆ ಬಂದರು. ಕೈಯಲ್ಲಿ ಪಶು ಆಸ್ಪತ್ರೆಯವರಿಂದ ಬೇಡಿ ತಂದ ದ್ರವ ಸಾರಜನಕದ ಕ್ಯಾನು. ಆರ್‌ಎನ್‌ಎ ಎನ್ನುವುದು ಹೂವಿಗಿಂತ ಬೇಗ ಬಾಡುವ ವಸ್ತು. ತುಂಡು ಬಿದ್ದ ಕೂಡಲೇ ಅದನ್ನು ಕಲ್ಲಿನಂತೆ ಹೆಪ್ಪುಗಟ್ಟಿಸಬೇಕು. ಕ್ಯಾನಿನಿಂದ ಬಿಳಿ ಹೊಗೆ ಏಳುತ್ತಿತ್ತು. ಸಾಲಿನಲ್ಲಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಒಂದೇ ಗಂಡು ಕುರೀದು ಬೇಕಮ್ಮ. ಎಲ್ಲಾದ್ರಲ್ಲೂ ಒಂದೊಂದು ಚೂರು. ಕಡಲೆಕಾಳಿನಷ್ಟು."

"ಕಡಲೆಕಾಳಷ್ಟರಲ್ಲಿ ಸಾರು ಆಗುತ್ತಾ ಸ್ವಾಮಿ? ಮನೇಲಿ ಎಷ್ಟು ಜನ?"

"ತಿನ್ನೋಕಲ್ಲ."

ಹುಲಿಗೆಮ್ಮ ಕತ್ತಿ ಕೆಳಗಿಟ್ಟಳು. ಹಣೆಯ ವಿಭೂತಿ ನೋಡಿದಳು, ಹೊಗೆ ನೋಡಿದಳು. "ಮತ್ತೇನು ಮಾಟಕ್ಕಾ? ಹಂಗಿದ್ರೆ ಮೊದ್ಲೇ ಹೇಳ್ಬಿಡಿ, ನಾವು ಮಕ್ಳೊಂದಿಗ್ರು."

"ಅಯ್ಯೋ, ವಿಜ್ಞಾನ ಮಾರಾಯ್ತಿ, ವಿಜ್ಞಾನ! ಗಂಡೇ ತಾನೆ ಅದು?"

"ಕಣ್ಣು ಕಾಣ್ಸಲ್ವಾ? ಎದುರಿಗೇ ನೇತಾಡ್ತಾ ಇದೆಯಲ್ಲ ಪುರಾವೆ!"

ಶಿವಯೋಗಿಯವರು ಕಡೆಗಣ್ಣಿನಿಂದ ಪುರಾವೆಯನ್ನು ಒಂದು ಕ್ಷಣ ನೋಡಿ, ಬೆಚ್ಚಿ, ಎದುರಿನ ತೆಂಗಿನಕಾಯಿ ಅಂಗಡಿಯ ಕಡೆಗೆ ತಿರುಗಿದರು. ಆಮೇಲೆ ಕ್ಯಾನನ್ನು ಬೆನ್ನ ಹಿಂದೆ ಚಾಚಿ ಹಿಡಿದು ಪಂಚಾಕ್ಷರಿ ಹೇಳುತ್ತ ನಿಂತರು. ಬೆನ್ನ ಹಿಂದೆ ಹುಲಿಗೆಮ್ಮ "ಇದು ಭೇಜಾ, ಇದು ಬೀಜ, ಇದು ಕಲೇಜಿ" ಎಂದು ಮೆದುಳು, ವೃಷಣ, ಯಕೃತ್ತು ಎಲ್ಲವನ್ನೂ ಒಂದೊಂದಾಗಿ ಹಾಕಿದಳು. ಭೇಜಾಕ್ಕೂ ಬೀಜಕ್ಕೂ ನಡುವೆ ಇರುವುದು ಒಂದೇ ಉಸಿರು ಎಂದು ಆ ಕ್ಷಣದಲ್ಲಿ ಅವರಿಗೆ ಹೊಳೆಯಿತಂತೆ. ಬೇರೇನೂ ಹೊಳೆಯಲಿಲ್ಲ.

ತುಂಡುಗಳು ಬೆಂಗಳೂರಿನ ಒಂದು ಕಂಪನಿಗೆ ಹೋದವು; ಕೆಲವು ವಾರಗಳಲ್ಲಿ ಅಂಕಿಗಳಾಗಿ ಮರಳಿದವು. ಮೋನಿಕಾ ಕಂಪ್ಯೂಟರಿನ ಮುಂದೆ ಎರಡು ದಿನ ಕೂತು, ಮೂರನೆಯ ದಿನ ಕುರ್ಚಿ ತಿರುಗಿಸಿದಳು.

"ಸಾರ್, ಒಂದು ತೊಂದ್ರೆ ಇದೆ. ಗಂಡಿನ ಯಾವ ಅಂಗಾಂಶ ತೆಗೆದ್ರೂ ವೈ ಕ್ರೋಮೋಸೋಮಿನ ಸಂದೇಶ ಸ್ವಲ್ಪನಾದ್ರೂ ಇರ್ಬೇಕು. ಇಲ್ಲಿ ವೃಷಣದಲ್ಲಿ ಮಾತ್ರ ಇದೆ. ಮೆದುಳು, ಹೃದಯ, ಲಿವರ್, ಕಿಡ್ನಿ ನಾಲ್ಕರಲ್ಲೂ ಸೊನ್ನೆ. ಅಷ್ಟೇ ಅಲ್ಲ, ಹೆಣ್ಣಲ್ಲಿ ಮಾತ್ರ ಕಾಣೋ ಸಂದೇಶ ಆ ನಾಲ್ಕರಲ್ಲೂ ತುಂಬಿ ತುಳುಕ್ತಿದೆ. ಇದು ಒಂದೇ ಕುರೀದಾ ಸಾರ್?"

"ಏನಮ್ಮ ಅನುಮಾನ? ನಾನೇ ನಿಂತು ತಂದಿದ್ದು."

"ನಿಂತ್ಕೊಂಡು ನೋಡಿದ್ರಾ?"

"ನಿಂತಿದ್ದೆ. ನಿಲ್ಲೋದು ನೋಡೋದು ಎರಡೂ ನಾನೇ ಮಾಡ್ಬೇಕಾ?"

ಮೋನಿಕಾ ದನಿ ತಗ್ಗಿಸಿದಳು. "ತಪ್ಪು ತಿಳ್ಕೋಬೇಡಿ ಸಾರ್. ಗಿರಾಕಿಗಳಿಗೆಲ್ಲ ಗಂಡು ಕುರೀನೇ ಬೇಕು. ಅದಕ್ಕೇ ಕೆಲವು ಅಂಗಡೀಲಿ ಮುದಿ ಹೆಣ್ಣು ಕುರಿ ಕಡಿದು, ಎಲ್ಲಿಂದಲೋ ಗಂಡಿನ ಬೀಜ ತಂದು ಅದಕ್ಕೆ ಸೇರಿಸಿ ತೂಗುಹಾಕ್ತಾರೆ. ಭಾನುವಾರ ಮಟನ್ ತರೋರಿಗೆಲ್ಲ ಇದು ಗೊತ್ತು. ನಮ್ಮಪ್ಪ ಮೊದ್ಲು ಅದನ್ನ ಹಿಡಿದು ಎಳೆದು ನೋಡೇ ಆಮೇಲೆ ರೇಟು ಕೇಳೋದು."

ಶಿವಯೋಗಿಯವರು ಕಿವಿ ಮುಚ್ಚಿಕೊಂಡರು. "ನಿಮ್ಮಪ್ಪ ಎಳೀತಾರೆ ಅಂತ ನಾನು ಡೇಟಾ ಬಿಡೋಕಾಗುತ್ತಾ? ಇದು ಅಡುಗೆಮನೆ ಮಾತಾಯ್ತು."

"ಹಾಗಾದ್ರೆ ಫ್ರೀಜರಿನಲ್ಲಿ ಉಳಿದಿರೋ ಲಿವರ್ ತುಂಡಲ್ಲಿ ಡಿಎನ್‌ಎ ನೋಡೋಣ. ಗಂಡೋ ಹೆಣ್ಣೋ ಒಂದೇ ಮಧ್ಯಾಹ್ನದಲ್ಲಿ ಗೊತ್ತಾಗುತ್ತೆ."

ನೋಡಬಹುದಿತ್ತು. ಆದರೆ ಹಿಂದಿನ ವಾರ ಕಾಲೇಜಿನ ಮಹಿಳಾ ದಿನಾಚರಣೆಗೆ ಮೈಕ್‌ಸೆಟ್ಟಿನವರು ಫ್ರೀಜರಿನ ಪ್ಲಗ್ ಕಿತ್ತು ತಮ್ಮದನ್ನು ಸಿಕ್ಕಿಸಿದ್ದರು. ಸ್ತ್ರೀಶಕ್ತಿಯ ಕುರಿತು ಭಾಷಣಗಳು ಮುಗಿಯುವ ಹೊತ್ತಿಗೆ ಕುರಿ ಕೊಳೆತು, ಜವಾನರು ಯಾರಿಗೂ ಹೇಳದೆ ಅದನ್ನು ಹಿತ್ತಲಲ್ಲಿ ಹೂತಿದ್ದರು. ಆ ಕುರಿಯ ಗಂಡುತನಕ್ಕೆ ಅಂದಿನಿಂದ ಶಿವಯೋಗಿಯವರ ಕಡೆಗಣ್ಣೊಂದೇ ಸಾಕ್ಷಿ.

ಅದೇ ಸಂಜೆ ಭದ್ರಾವತಿಯ ಬಸ್ಸಿನಲ್ಲಿ, ಮೀನಿನ ಬುಟ್ಟಿಯೊಂದರ ಪಕ್ಕ ಉಸಿರು ಬಿಗಿಹಿಡಿದು ಕೂತಿದ್ದಾಗ ಅವರಿಗೆ ಜ್ಞಾನೋದಯವಾಯಿತು. ಆಮ್ಲಜನಕದ ಕೊರತೆಯಿಂದಲೂ ಇರಬಹುದು. ಕುರಿ ಗಂಡೇ. ಆದರೆ ಅದರ ಮೆದುಳು, ಹೃದಯ, ಯಕೃತ್ತುಗಳಲ್ಲಿ ಕೂತಿರುವ ಸಂಸ್ಕರಣಾ ಅಂಶಗಳು ಗಂಡಿನ ಸಂದೇಶವನ್ನು ಚೂರು ಚೂರಾಗಿ ಕತ್ತರಿಸಿ ಹೇಳಹೆಸರಿಲ್ಲದಂತೆ ಮಾಡುತ್ತವೆ. ವೃಷಣದಲ್ಲಿ ಮಾತ್ರ ದಾರಿ ಬಿಡುತ್ತವೆ. ಒಂದೇ ದೇಹದಲ್ಲಿ ಹೆಣ್ಣೂ ಗಂಡೂ! ಶಿವಭಕ್ತನ ಕಣ್ಣಿಗೆ ಇದು ಇನ್ನೇನಾಗಿ ಕಾಣಬೇಕು? ಬಸ್ಸು ಇಳಿಯುವ ಮೊದಲೇ ಹೆಸರಿಟ್ಟಾಗಿತ್ತು: ಅರ್ಧನಾರೀಶ್ವರ ಪರಿಣಾಮ. ಜಗತ್ತಿನ ಯಾವ ಪುಸ್ತಕದಲ್ಲೂ ಇದು ಇಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿಕೊಂಡರು. ಅದು ನಿಜವೇ ಆಗಿತ್ತು.

ಆದರೂ ಮನುಷ್ಯ ಪ್ರಾಮಾಣಿಕ. ಮೋನಿಕಾಳ ಮಾತು ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಚುಚ್ಚುತ್ತಿತ್ತು. ನಾಲ್ಕು ಜನ ಹಿರಿಯರನ್ನು ವಿಚಾರಿಸೋಣ ಎಂದುಕೊಂಡರು. ಮಾಂಸದ ವಿಚಾರವನ್ನು ಮಾಂಸ ತಿನ್ನುವವರಲ್ಲಿ ಕೇಳಬೇಕೆಂದು ಯಾರಿಗಾದರೂ ಹೊಳೆಯುತ್ತದೆ. ಶಿವಯೋಗಿಯವರಿಗೆ ತಾವು ಗೌರವಿಸುವವರಲ್ಲಿ ಕೇಳಬೇಕೆಂದು ಹೊಳೆಯಿತು. ಅವರು ಗೌರವಿಸುತ್ತಿದ್ದದ್ದು ಸಸ್ಯಾಹಾರಿಗಳನ್ನು ಮಾತ್ರ.

ಮೊದಲು ಪ್ರಿನ್ಸಿಪಾಲ್ ಯಜ್ಞನಾರಾಯಣ. ವೇದಾಂತಿಗಳ ಮನೆತನ; ಕಾಲೇಜಿನ ನೀರನ್ನೂ ಕುಡಿಯದೆ ಮನೆಯಿಂದ ತಾಮ್ರದ ಚೊಂಬು ತರುವವರು. ಹೊರಗಿನಿಂದ ಪರೀಕ್ಷಕರು ಯಾರೇ ಬಂದರೂ ಸಕ್ರೆಬೈಲಿನ ಆನೆ ತೋರಿಸಲು ತಾವೇ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಹಿಂದಿರುಗುವ ದಾರಿಯ ಒಂದು ಖಾನಾವಳಿಯಲ್ಲಿ, ಆನೆಯ ಹೆಸರಿನಲ್ಲಿ ಕುರಿಯ ಸೇವೆ ಆಗುತ್ತಿತ್ತೆಂಬುದು ಡ್ರೈವರುಗಳ ವಲಯದಲ್ಲಿ ಹಳೆಯ ಸುದ್ದಿ. ಶಿವಯೋಗಿಯವರದು ಬಸ್ಸು; ಡ್ರೈವರುಗಳ ವಲಯ ಅವರಿಗೆ ದೂರ.

"ಸರ್, ಒಂದು ವಿಷಯ. ಮಟನ್ ಅಂಗಡೀಲಿ ಹೆಣ್ಣು ಕುರಿಗೆ ಗಂಡಿನದನ್ನ ಕಟ್ಟಿ ಮಾರೋ ಪದ್ಧತಿ ಉಂಟಾ?"

ಯಜ್ಞನಾರಾಯಣರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ನಂಗೆ ಗೊತ್ತು ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸರ್. ನಾನೇ ಕೇಳ್ತಿದ್ದೀನಿ."

"ಇಲ್ಲ. ಕಟ್ಟೋದಿಲ್ಲ. ನಂಗೆ ಗೊತ್ತಿಲ್ಲ, ಗೊತ್ತಿಲ್ಲದೇ ಇರೋದ್ರಿಂದಲೇ ಹೇಳ್ತಿದೀನಿ, ಕಟ್ಟೋದಿಲ್ಲ!"

ಆಮೇಲೆ ಉಜ್ಜನಪ್ಪನವರು. ಬುಧವಾರ ಬುಧವಾರ ರಾಗಿಗುಡ್ಡದ ಕಡೆ ಸೈಟು ನೋಡಲು ಹೋಗುತ್ತಿದ್ದರು. ವರ್ಷಗಟ್ಟಲೆ ನೋಡಿದರೂ ಒಂದು ಸೈಟನ್ನೂ ಕೊಳ್ಳಲಿಲ್ಲ. ಅಲ್ಲಿನ ಮಿಲಿಟರಿ ಹೋಟೆಲಿನವನು ಮಾತ್ರ ಎರಡನೇ ಅಂತಸ್ತು ಏರಿಸಿದ.

"ಕುರಿ ಅಂದ್ರೆ ನಾಲ್ಕು ಕಾಲಿರುತ್ತಲ್ಲ ಅದೇ ತಾನೆ? ನಂಗೆ ಅಷ್ಟು ಮಾತ್ರ ಗೊತ್ತಪ್ಪ" ಎಂದರು ಉಜ್ಜನಪ್ಪ. "ಕಟ್ಟಲ್ಲ ಬಿಡಿ. ಯಾರು ಕಟ್ತಾರೆ? ಧೈರ್ಯವಾಗಿ ಮಂಡಿಸಿ. ಹೆಸರೂ ಚೆನ್ನಾಗಿದೆ, ಅರ್ಧನಾರೀಶ್ವರ. ನನ್ನ ಭಾಷಣದಲ್ಲೂ ಸೇರಿಸ್ಕೋತೀನಿ."

ಇಬ್ಬರು ಹಿರಿಯರು, ಇಬ್ಬರೂ ಸಂಪ್ರದಾಯಸ್ಥರು, ಒಂದೇ ಮಾತು. ಶಿವಯೋಗಿಯವರಿಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿರಲಿಲ್ಲ. ಕುರಿ ಕೇಳಿ ಮಸಾಲೆ ಅರೆಯುವುದಿಲ್ಲ ಎಂಬ ಗಾದೆ ಉಂಟು. ಸೊಪ್ಪು ತಿನ್ನುವವರನ್ನು ಕೇಳಿ ಕುರಿ ಕಡಿಯುವ ಬಗ್ಗೆ ಗಾದೆ ಇನ್ನೂ ಹುಟ್ಟಿಲ್ಲ.

ಮಂಡನೆಯ ದಿನ ಕಾಲೇಜಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಮಿತಿ: ಉಜ್ಜನಪ್ಪ, ಯಜ್ಞನಾರಾಯಣ, ಧಾರವಾಡದಿಂದ ಬಂದ ತಜ್ಞ ಡಾ. ಸುಘೋಷ. ಹಿಂದೆ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಸ್ಥಳೀಯ ಪತ್ರಿಕೆಯ ಒಬ್ಬ ವರದಿಗಾರ. ಮೋನಿಕಾ ಕಡೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತಿದ್ದಳು; ಹಿಂದಿನ ದಿನವೂ "ಇನ್ನೊಂದು ಕುರಿ ನೋಡೋಣ ಸಾರ್, ಒಂದೇ ಒಂದು" ಎಂದು ಬೇಡಿ ಬೈಸಿಕೊಂಡಿದ್ದಳು.

ಶಿವಯೋಗಿಯವರು ಚೆನ್ನಾಗಿಯೇ ಮಾತಾಡಿದರು. ಅವರ ಇಸ್ತ್ರಿ ಮಾಡಿದ ಕೋಟಿನಲ್ಲಿ, ಕಾಗದನಗರದ ಬೀದಿಗಳಲ್ಲಿ ಅಪ್ಪನ ಹಿಂದೆ ನಡೆಯುತ್ತಿದ್ದ ಹುಡುಗನ ಉತ್ಸಾಹವಿತ್ತು. ಕುರಿಯ ಚಿತ್ರದ ಮೇಲೆ ಅರ್ಧ ಗುಲಾಬಿ, ಅರ್ಧ ನೀಲಿ ಬಣ್ಣ ಬಳಿದ ಸ್ಲೈಡು ಬಂದಾಗ ಚಪ್ಪಾಳೆಯೂ ಬಿತ್ತು. ಉಜ್ಜನಪ್ಪನವರು ಕೈ ಮುಗಿದರು. ಪ್ರೊಫೆಸರ್‌ಗಿರಿ ಇನ್ನೊಂದು ಮೊಳ ದೂರ.

ಸುಘೋಷ ಕನ್ನಡಕ ತೆಗೆದು ಒರೆಸಿದರು. "ಒಂದು ಸಣ್ಣ ಪ್ರಶ್ನೆ. ಇವೆಲ್ಲ ಒಂದೇ ಪ್ರಾಣಿಯವು ಅಂತ ನಿಮಗೆ ಹ್ಯಾಂಗ ಗೊತ್ತು? ಹೆಣ್ಣು ಕುರಿಗೆ ಗಂಡಿಂದು ಜೋಡಿಸಿ ಮಾರತಾರಂತ ಕೇಳೇನಿ."

ಪ್ರಶ್ನೆಗಾಗಿಯೇ ಕಾದಿದ್ದವರಂತೆ ಶಿವಯೋಗಿ ಮುಗುಳ್ನಕ್ಕರು. "ಆ ಸಂಶಯ ನನಗೂ ಬಂದಿತ್ತು ಸರ್. ಬಲ್ಲವರನ್ನೇ ಕೇಳಿ ಪರಿಹರಿಸಿಕೊಂಡೆ." ಗುಂಡಿ ಒತ್ತಿದರು.

ತೆರೆಯ ಮೇಲೆ ಕೃತಜ್ಞತೆಯ ಸ್ಲೈಡು ಮೂಡಿತು. ಎಡಗಡೆ ತ್ರಿಪುಂಡ್ರ ಧರಿಸಿದ ಉಜ್ಜನಪ್ಪನವರ ಫೋಟೊ, ಬಲಗಡೆ ಶಾಲು ಹೊದ್ದ ಯಜ್ಞನಾರಾಯಣರ ಫೋಟೊ. ಎರಡೂ ಕಾಲೇಜಿನ ಪರಿಚಯ ಪುಸ್ತಿಕೆಯಿಂದ ತೆಗೆದದ್ದು. ನಡುವೆ ದಪ್ಪಕ್ಷರದಲ್ಲಿ: 'ಮಾಂಸ ಮಾರುಕಟ್ಟೆಯ ಒಳಹೊರಗುಗಳ ಬಗ್ಗೆ ತಜ್ಞ ಮಾರ್ಗದರ್ಶನ ನೀಡಿದ ಹಿರಿಯರಿಗೆ ಹೃತ್ಪೂರ್ವಕ ವಂದನೆಗಳು.'

ಸಭಾಂಗಣದಲ್ಲಿ ಮೊಬೈಲುಗಳು ಮೇಲೆದ್ದವು. ಅವುಗಳ ಜೊತೆಗೇ ಉಜ್ಜನಪ್ಪನವರೂ ಎದ್ದರು.

"ರೀ ಶಿವಯೋಗಿ! ನಾನೆಲ್ರೀ ಮಾರ್ಗದರ್ಶನ ಕೊಟ್ಟೆ ನಿಮಗೆ?"

"ತಾವೇ ಅಂದ್ರಲ್ಲ ಸರ್, ಕಟ್ಟಲ್ಲ ಅಂತ. ಅಷ್ಟು ಖಚಿತವಾಗಿ..."

"ನಂಗೇನ್ರೀ ಗೊತ್ತು ಕುರಿ ವಿಷಯ? ಗೊತ್ತಿದ್ದಿದ್ರೆ ಕಟ್ಟಲ್ಲ ಅಂತ ಹೇಳ್ತಿದ್ನಾ? ಕಟ್ತಾರೆ ಅಂತ ಎಳೆ ಕೂಸಿಗೂ ಗೊತ್ತು! ದಾರ ಕಾಣ್ಸದ ಹಾಗೆ ನಯವಾಗಿ ಕಟ್ತಾರೆ!"

ಇಲ್ಲಿಗೆ ನಿಂತಿದ್ದರೆ ಒಬ್ಬರ ಮಾನ ಹೋಗಿ ಒಬ್ಬರದು ಉಳಿಯುತ್ತಿತ್ತು. ಆದರೆ ಯಜ್ಞನಾರಾಯಣರು ಹುಟ್ಟು ಮೇಷ್ಟ್ರು. ಎದುರಿನವರು ತಪ್ಪು ಹೇಳಿದರೆ ತಿದ್ದದೆ ಇರಲು ಅವರಿಂದ ಸಾಧ್ಯವೇ ಇರಲಿಲ್ಲ.

"ದಾರ ಅಲ್ಲ ಸರ್," ಎಂದರು. "ದಾರ ಆದ್ರೆ ಜಾರುತ್ತೆ. ಒಳಗಿಂದ ಬಿದಿರುಕಡ್ಡಿ ಚುಚ್ತಾರೆ."

ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ಸಾರ್, ಮಸಾಲೆ ಏನೇನು ಅಂತಾನೂ ಹೇಳಿ, ಬರ್ಕೋತೀವಿ" ಎಂದ. ಸಭಾಂಗಣ ಕುಸಿದು ಬಿತ್ತು ಎನ್ನುವಂಥ ನಗು. ವರದಿಗಾರ ಪೆನ್ನು ತೆಗೆದ.

ನಗದೆ ನಿಂತಿದ್ದವರು ಶಿವಯೋಗಿ ಒಬ್ಬರೇ. ಕಡ್ಡಿಯ ಮಾತು ಕಿವಿಗೆ ಬಿದ್ದಾಗಲೇ ಅವರ ಕುರಿಯಿಂದ ಒಂದು ತುಣುಕು ಕಳಚಿ ಬಿದ್ದಿತ್ತು. ಉಳಿದದ್ದು ಒಂದು ಮುದಿ ಹೆಣ್ಣು ಕುರಿ. ಅದರ ಮೆದುಳಲ್ಲಿ, ಹೃದಯದಲ್ಲಿ ಗಂಡಿನ ಸಂದೇಶವನ್ನು ಯಾರೂ ಕತ್ತರಿಸಿರಲಿಲ್ಲ. ಕತ್ತರಿಸಲು ಅಲ್ಲಿ ಏನೂ ಇರಲಿಲ್ಲ. ಇಷ್ಟು ದಿನ ಎಲ್ಲರಿಗೂ ಗೊತ್ತಿದ್ದದ್ದು ಅವರೊಬ್ಬರಿಗೆ ಈಗ ಗೊತ್ತಾಗಿತ್ತು. ಮೈಕಿನಲ್ಲಿ ಅವರು ಕೇಳಿದ್ದು ಮಾತ್ರ ಅಪ್ಪಟ ವಿಜ್ಞಾನಿಯ ಪ್ರಶ್ನೆ:

"ಸರ್, ಕಡ್ಡಿ ಅಂತ ತಮಗೆ ಹೇಗೆ ಗೊತ್ತಾಯ್ತು?"

ಸಭೆಯನ್ನು ಅಲ್ಲಿಗೇ ಮುಗಿಸಲಾಯಿತು. ರಾಷ್ಟ್ರಗೀತೆಯನ್ನೂ ಹಾಡಲಿಲ್ಲ.

ಸಮಿತಿಯ ಕೋಣೆಗೆ ಶಿವಯೋಗಿಯವರನ್ನು ಕರೆದಾಗ ಅವರು ನೇರವಾಗಿಯೇ ಹೇಳಿದರು. "ಸರ್, ನನ್ನ ಪರಿಣಾಮ ಸುಳ್ಳು. ವಾಪಸ್ ತಗೋತೀನಿ. ಕುರಿ ಹೆಣ್ಣು ಅಂತ ಹೇಗೆ ಗೊತ್ತಾಯ್ತು, ಯಾರು ಏನು ಹೇಳಿದ್ರು, ಎಲ್ಲ ವಿವರವಾಗಿ ಬರೆದು ಕೊಡ್ತೀನಿ. ಬೇರೆ ಸಂಶೋಧಕರಿಗೆ ಎಚ್ಚರಿಕೆ ಆಗುತ್ತೆ."

"ಬರೀಬೇಡಿ!" ಎಂದರು ಇಬ್ಬರೂ ಒಟ್ಟಿಗೆ.

ಯಜ್ಞನಾರಾಯಣರು ಚೊಂಬಿನ ನೀರು ಕುಡಿದರು. "ಅಲ್ರೀ ಶಿವಯೋಗಿ, ವಾಪಸ್ ತಗೊಂಡ್ರೆ ಕಾರಣ ಬರೀಬೇಕು. ಕಾರಣ ಬರೆದ್ರೆ ಮಂಡಳಿ ಮುಂದೆ ಹೋಗುತ್ತೆ. ಯಾಕೆ ಸುಮ್ನೆ?"

"ಹಾಗಾದ್ರೆ ಸುಳ್ಳನ್ನ ಹಾಗೇ ಬಿಡೋದಾ ಸರ್?"

"ಸುಳ್ಳು ಅಂತ ಯಾರಂದ್ರು ಮಾರಾಯ?" ಉಜ್ಜನಪ್ಪನವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಹೆಚ್ಚಿನ ಅಧ್ಯಯನ ಅಗತ್ಯ ಅಂತ ಒಂದು ಸಾಲು ಹಾಕಿದ್ರಾಯ್ತು. ನಿಮ್ಮ ಇಷ್ಟು ವರ್ಷದ ಸೇವೆ ನೋಡಿ ನಾವು ಬಡ್ತಿ ಕೊಡ್ತಿದೀವಿ. ಕುರಿ ನೋಡಿ ಅಲ್ಲ. ಕುರಿ ವಿಷಯ ಕಡತದಲ್ಲಿ ಎಲ್ಲೂ ಬರೋದೇ ಬೇಡ. ಏನಂತೀರಿ?"

ಶಿವಯೋಗಿ ಸುಘೋಷರ ಮುಖ ನೋಡಿದರು. ಸುಘೋಷ ಕಿಟಕಿಯ ಹೊರಗೆ ನೋಡುತ್ತ, "ನನಗ ಧಾರವಾಡ ಬಸ್ಸಿಗೆ ತಡಾ ಆಗತೈತಿ" ಎಂದರು. ಮೇಜಿನ ಮೇಲೆ ಆದೇಶ ಆಗಲೇ ಟೈಪಾಗಿ, ಸಹಿಯಾಗಿ, ಪೇಪರ್‌ವೆಯ್ಟಿನ ಅಡಿಯಲ್ಲಿ ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿತ್ತು. ತಲೆ ಬೆಳ್ಳಗಾಗಿಸಿದ ಕಾಗದ. ಸತ್ಯ ಬರೆದರೆ ಅದು ಹಾರಿಹೋಗುತ್ತದೆ. ಬರೆಯದಿದ್ದರೆ ಜೇಬಿಗೆ ಬರುತ್ತದೆ. ಯಾವುದನ್ನು ಆರಿಸಬೇಕೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅದನ್ನು ಬಿಟ್ಟು ಇನ್ನೊಂದನ್ನು ಆರಿಸಿದರು.

ಹೊರಗೆ ಮೋನಿಕಾ ಕಾಯುತ್ತಿದ್ದಳು. "ಸಾರ್, ಈಗಲಾದ್ರೂ ಹೊಸ ಕುರಿ ತರೋಣ. ನನ್ನ ಥೀಸಿಸಿನಲ್ಲಿ ಒಂದು ಪುಟ ಬರೀತೀನಿ, ಮೊದಲನೇ ಸ್ಯಾಂಪಲ್ ಯಾಕೆ ತಪ್ಪಾಯ್ತು ಅಂತ."

"ಕುರಿ ತಾ. ಈ ಸಲ ನೀನೇ ಎಳೆದು ನೋಡು." ಜೇಬಿನ ಆದೇಶವನ್ನು ಒಳಕ್ಕೆ ತಳ್ಳಿ ಹೇಳಿದರು, "ಆ ಪುಟ ಮಾತ್ರ ಕತ್ತರಿಸಮ್ಮ."

ಹುಡುಗಿ ಅವರನ್ನೇ ನೋಡಿದಳು. ತಮಿಳಿನಲ್ಲಿ ಏನೋ ಅಂದಳು. ಏನೆಂದು ಅವರು ಕೇಳಲಿಲ್ಲ.

ಮರುದಿನ ಪತ್ರಿಕೆಯ ಒಳಪುಟದಲ್ಲಿ ಶಿವಯೋಗಿಯವರಿಗೆ ಬಡ್ತಿ ದೊರೆತ ಸುದ್ದಿ ಫೋಟೊ ಸಮೇತ ಬಂತು. ಕುರಿಯ ಸುದ್ದಿ ಇರಲಿಲ್ಲ. ಉಜ್ಜನಪ್ಪನವರ ಅಕ್ಕಿ ಗಿರಣಿಯ ಜಾಹೀರಾತು ಅರ್ಧ ಪುಟ ಇತ್ತು. ನೆರೆಮನೆಯವರು ಮೈಸೂರುಪಾಕು ತಂದುಕೊಟ್ಟರು. ಬಂದವರೆಲ್ಲ ಹೋದ ಮೇಲೆ ಶಿವಯೋಗಿಯವರು ಆದೇಶವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ಹೆಂಡತಿ ಸೌಂದರ್ಯ ಲೋಟಗಳನ್ನು ಎತ್ತುತ್ತ ಕೇಳಿದರು.

"ರೀ, ಎಲ್ಲರೂ ಕೇಳ್ತಾರೆ, ನಂಗೆ ಹೇಳೋಕೆ ಬರಲ್ಲ. ಏನ್ ಮಾಡಿದ್ದಕ್ಕೆ ಕೊಟ್ರು ಇದನ್ನ?"

ಶಿವಯೋಗಿಯವರು ಆದೇಶವನ್ನು ಮಡಚಿದರು. ಹೆಂಡತಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಸುಮ್ನಿದ್ದಿದ್ದಕ್ಕೆ" ಎಂದರು.

"ಅಷ್ಟಕ್ಕೇನಾ?" ಸೌಂದರ್ಯ ಲೋಟಗಳನ್ನು ಒಂದರೊಳಗೊಂದು ಸೇರಿಸಿದರು. "ಹಾಗಿದ್ರೆ ನಂಗೆ ಮದುವೆಯಾದ ವರ್ಷವೇ ಕೊಡ್ಬೇಕಿತ್ತು."